ಸದ್ದಿಗೆ ಕಿವಿಗೊಟ್ಟ ರಾಮನ್

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಬಳೇಪೇಟೆ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಬಳೆಗಳ ಪೇಟೆ. ಆದರೆ ಈ ಬೀದಿ ಇನ್ನೊಂದು ಕಾರಣಕ್ಕೂ ಹೆಸರುವಾಸಿ. ಇಲ್ಲಿ ಸಂಗೀತ ವಾದ್ಯಗಳ ಅಂಗಡಿಗಳಿವೆ. ವೀಣೆ, ತಂಬೂರಿ, ತಬಲ, ಮೃದಂಗ, ಹಾರ್ಮೋನಿಯಂ ಎಲ್ಲವೂ ಸಿಗುತ್ತವೆ. ಮೃದಂಗ ಕೊಳ್ಳಲು ಬಂದವರು ಅದರ ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಬೆರಳಿನಿಂದ ತಟ್ಟಿ ಕೇಳುತ್ತಾರೆ. ಸದ್ದು ಸರಿ ಕಾಣದಿದ್ದರೆ ಪಕ್ಕಕ್ಕಿಟ್ಟು ಇನ್ನೊಂದನ್ನು ತಟ್ಟುತ್ತಾರೆ.

ಇಲ್ಲಿಂದ ಹೆಚ್ಚು ದೂರವಿಲ್ಲದ ಜೆ.ಸಿ. ರಸ್ತೆಗೆ ಹೋದರೆ ಅಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳ ಅಂಗಡಿಗಳು. ಅನುಭವಿ ಮೆಕ್ಯಾನಿಕ್ ಕೂಡ ಬಾನೆಟ್ ಎತ್ತಿದ ಕೂಡಲೇ ಸ್ಪ್ಯಾನರ್ ಹಿಡಿಯುವುದಿಲ್ಲ. ಎಂಜಿನ್ ಚಾಲು ಮಾಡಿಸಿ, ತಲೆ ಓರೆ ಮಾಡಿ, ಮೊದಲು ಕೇಳುತ್ತಾನೆ.

ಮುಚ್ಚಿದ ವಸ್ತುವಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗೆ ಬರುವ ಸದ್ದಿನಿಂದಲೇ ತಿಳಿಯಬಹುದೇ? ತಮ್ಮ ಯೌವನದ ವರ್ಷಗಳನ್ನು ಇಂಥ ಪ್ರಶ್ನೆಗಳಿಗೆ ಕೊಟ್ಟ ವಿಜ್ಞಾನಿಯೊಬ್ಬರು ನಿಮಗೆಲ್ಲ ಪರಿಚಿತರೇ. ಅವರು ಸರ್ ಸಿ.ವಿ. ರಾಮನ್. ಅವರೆಂದರೆ ಬೆಳಕು, ಕಡಲಿನ ನೀಲಿ ಬಣ್ಣ, ನೊಬೆಲ್ ಪ್ರಶಸ್ತಿ ಎಂದು ಪಾಠದಲ್ಲಿ ಓದಿದ್ದೀರಿ. ಸದ್ದಿನ ಕಥೆಯನ್ನು ಪಾಠಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮಕ್ಕಳೇ, ಈ ಸಲ ಆ ಒಂದು ಸಾಲನ್ನು ಬಿಡಿಸಿ ನೋಡೋಣ.

ಹಗಲು ಲೆಕ್ಕ, ಸಂಜೆ ವಿಜ್ಞಾನ

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನಲ್ಲಿ ಉಪನ್ಯಾಸಕರು. ಅವರಿಗೆ ಪಿಟೀಲು ನುಡಿಸುವ ಹವ್ಯಾಸವಿತ್ತು. ಹಾಗಾಗಿ ರಾಮನ್ ಅವರ ಮನೆಯಲ್ಲಿ ಭೌತವಿಜ್ಞಾನದ ಪುಸ್ತಕವೂ ಪಿಟೀಲೂ ಒಟ್ಟಿಗೇ ಇದ್ದವು. ಬಾಲಕ ರಾಮನ್ ವಯಸ್ಸಿಗೆ ಮೀರಿ ಓದಿದರು. 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಮುಗಿಸಿದಾಗ ಅವರಿಗಿನ್ನೂ ಹದಿನಾರು ತುಂಬಿರಲಿಲ್ಲ. 1907ರಲ್ಲಿ ಎಂ.ಎ. ಮುಗಿಯಿತು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆಯೂ ಆಯಿತು. ಲೋಕಸುಂದರಿ ಅವರು ವೀಣೆ ನುಡಿಸುತ್ತಿದ್ದರು.

ಆಗಿನ ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ಮಾಡಿಕೊಳ್ಳುವ ದಾರಿ ಇರಲಿಲ್ಲವೆಂದೇ ಹೇಳಬೇಕು. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು, ಗೆದ್ದು, ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಒಳ್ಳೆಯ ಸಂಬಳ, ಭದ್ರವಾದ ಹುದ್ದೆ. ಒಂದು ದಿನ ದಾರಿಯಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಫಲಕ ಅವರ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಯೋಗಶಾಲೆ ಇತ್ತು, ಉಪಕರಣಗಳಿದ್ದವು, ಪ್ರಯೋಗ ಮಾಡುವವರು ಮಾತ್ರ ಇರಲಿಲ್ಲ. ರಾಮನ್ ಬಾಗಿಲು ತಟ್ಟಿದರು.

ಅಲ್ಲಿಂದ ಮುಂದೆ ಅವರ ದಿನಚರಿ ನೋಡಿ. ಬೆಳಗ್ಗೆ ಕಚೇರಿಗೆ ಮೊದಲು ಪ್ರಯೋಗಶಾಲೆ. ಹಗಲೆಲ್ಲ ಸರ್ಕಾರದ ಲೆಕ್ಕಪತ್ರ. ಸಂಜೆ ಕಚೇರಿ ಬಿಟ್ಟ ಮೇಲೆ ಮತ್ತೆ ಪ್ರಯೋಗಶಾಲೆ, ರಾತ್ರಿಯವರೆಗೆ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾಗಿದ್ದ ಕಾಲ ಬಿಟ್ಟರೆ ಹತ್ತು ವರ್ಷ ಹೀಗೇ ನಡೆಯಿತು. ಅವರಿಗೆ ಸಹಾಯಕರಾಗಿ ಸಿಕ್ಕವರು ಆಶುತೋಷ್ ಡೇ. ಎಲ್ಲರೂ ಅವರನ್ನು ಆಶುಬಾಬು ಎನ್ನುತ್ತಿದ್ದರು. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಆದರೆ ಕೈಚಳಕ ಇತ್ತು, ತಾಳ್ಮೆ ಇತ್ತು. ರಾಮನ್ ಅವರು ಪ್ರಬಂಧಗಳಲ್ಲಿ ಆಶುಬಾಬು ಅವರ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲಿಯೇ ಅಚ್ಚುಹಾಕಿಸಿದರು. ರಾಮನ್ ಅವರ ಬದುಕಿನಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿಗಳಲ್ಲಿ ಇದೂ ಒಂದು.

ಸಂಘದ ಬಳಿ ಹಣ ಹೆಚ್ಚಿರಲಿಲ್ಲ. ಸದ್ದಿನ ಪ್ರಯೋಗಗಳಿಗೆ ದುಬಾರಿ ಯಂತ್ರಗಳು ಬೇಕಿರಲಿಲ್ಲ. ತಂತಿ, ಮರ, ಪಿಟೀಲು, ನೀರು, ಇವೇ ಸಾಕಿದ್ದವು. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ತಂತಿ ಹೇಗೆ ನಡುಗುತ್ತದೆ ಎಂಬುದರ ಬಗ್ಗೆ ರಾಮನ್ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಮುಂದೆ ಒಂದು ವಿಚಿತ್ರ ಯಂತ್ರ ಮಾಡಿಸಿದರು. ಅದರಲ್ಲಿ ಕಮಾನು ಅಲುಗುವುದಿಲ್ಲ, ಪಿಟೀಲೇ ಹಿಂದೆ ಮುಂದೆ ಸರಿಯುತ್ತದೆ! ಏಕೆ ಗೊತ್ತೇ? ಮನುಷ್ಯನ ಕೈ ಒಮ್ಮೆ ಬಲವಾಗಿ ಒತ್ತುತ್ತದೆ, ಒಮ್ಮೆ ಮೆಲ್ಲಗೆ. ಒಮ್ಮೆ ಬೇಗ ಎಳೆಯುತ್ತದೆ, ಒಮ್ಮೆ ನಿಧಾನ. ಯಾವುದರಿಂದ ಸದ್ದು ಬದಲಾಯಿತು ಎಂದು ಹೇಳುವುದು ಹೇಗೆ? ಯಂತ್ರದಲ್ಲಾದರೆ ವೇಗವನ್ನು ಹಾಗೆಯೇ ಇಟ್ಟು ಒತ್ತಡವನ್ನು ಮಾತ್ರ ಬದಲಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳುವುದು, ಇದು ಅವರ ವಿಧಾನ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕ ಹುದ್ದೆಗೆ ಕರೆಯಿತು. ಸಂಬಳ ಸರ್ಕಾರಿ ಹುದ್ದೆಗಿಂತ ಬಹಳ ಕಡಿಮೆ. ಹಣಕಾಸು ಇಲಾಖೆಯಲ್ಲೇ ಇದ್ದಿದ್ದರೆ ಇನ್ನೂ ಮೇಲಕ್ಕೇರುತ್ತಿದ್ದರು. ಮನೆಮಂದಿಯನ್ನು ಸಾಕಬೇಕಾದ ಇಪ್ಪತ್ತೆಂಟರ ಯುವಕ. ಆದರೂ ಹುದ್ದೆ ಬಿಟ್ಟು ಬಂದರು.

ನೀರಿನ ಬುಳಕ್ ಸದ್ದು

1920ರಲ್ಲಿ ಇಂಗ್ಲೆಂಡಿನ ‘ಫಿಲಾಸಫಿಕಲ್ ಮ್ಯಾಗಜೀನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ರಾಮನ್ ಮತ್ತು ಆಶುಬಾಬು ಅವರ ಪುಟ್ಟ ಪ್ರಬಂಧವೊಂದು ಬಂತು. ಅದರ ವಿಷಯ, ನೀರಿಗೆ ವಸ್ತು ಬಿದ್ದಾಗ ಬರುವ ಸದ್ದು! ಬಾವಿಗೆ ಕಲ್ಲು ಹಾಕಿ ಬುಳಕ್ ಎಂದು ಕೇಳಿ ಖುಷಿಪಡುವುದು ನಮಗೆಲ್ಲ ಗೊತ್ತು. ಆ ಬುಳಕ್ ಎಲ್ಲಿಂದ ಬರುತ್ತದೆ ಎಂದು ಎಷ್ಟು ಜನ ಯೋಚಿಸುತ್ತೇವೆ?

ಕಲ್ಲು ನೀರಿಗೆ ಬಡಿಯುವುದರಿಂದ ಎಂದು ನೀವು ಹೇಳಬಹುದು. ಅಷ್ಟೇ ಅಲ್ಲ. ಬೀಳುವ ವಸ್ತು ತನ್ನ ಜೊತೆ ಗಾಳಿಯನ್ನೂ ನೀರೊಳಗೆ ಎಳೆದುಕೊಂಡು ಹೋಗುತ್ತದೆ. ಆ ಗಾಳಿ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ಸುತ್ತಲಿನ ನೀರು ಗುಳ್ಳೆಯನ್ನು ಒತ್ತುತ್ತದೆ, ಗುಳ್ಳೆ ಕುಗ್ಗುತ್ತದೆ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತದೆ, ಗುಳ್ಳೆ ಹಿಗ್ಗುತ್ತದೆ. ಹೀಗೆ ಕುಗ್ಗಿ ಹಿಗ್ಗಿ ನಡುಗುವ ಗುಳ್ಳೆಯೇ ಒಂದು ಪುಟ್ಟ ವಾದ್ಯ. ನೆದರ್ಲೆಂಡ್ಸ್‌ನ ಮಿನ್ನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ಇದರ ಲೆಕ್ಕ ಕೊಟ್ಟರು. ನೀರಿನಲ್ಲಿ 1 ಸೆಂಟಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 330 ಸಲ ಕಂಪಿಸುತ್ತದೆ. 1 ಮಿಲಿಮೀಟರ್ ತ್ರಿಜ್ಯದ್ದಾದರೆ ಸುಮಾರು 3,300 ಸಲ. ದೊಡ್ಡ ಗುಳ್ಳೆಗೆ ದಪ್ಪ ದನಿ, ಸಣ್ಣ ಗುಳ್ಳೆಗೆ ಕೀಚಲು ದನಿ. ಹಳ್ಳದ ಜುಳುಜುಳು, ಬಿಂದಿಗೆ ಬಗ್ಗಿಸಿದಾಗಿನ ಗುಳುಗುಳು, ಇವುಗಳಲ್ಲೆಲ್ಲ ಗುಳ್ಳೆಗಳದೇ ದೊಡ್ಡ ಪಾತ್ರ.

ರಾತ್ರಿ ನಲ್ಲಿಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ಹನಿಯ ಸದ್ದಿನಿಂದ ನಿದ್ದೆಗೆಟ್ಟಿದ್ದೀರಾ? 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್‌ವಾಲ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾ ಹಾಗೂ ಮೈಕ್ರೊಫೋನ್‌ಗಳನ್ನಿಟ್ಟು ಇದನ್ನೇ ಪರೀಕ್ಷಿಸಿದರು. ಹನಿ ನೀರಿಗೆ ಬಡಿಯುವ ಕ್ಷಣದಲ್ಲಿ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಅದರ ಕೆಳಗೆ ಪುಟ್ಟ ಗುಳ್ಳೆಯೊಂದು ಸಿಕ್ಕಿಕೊಂಡು ನಡುಗಿದಾಗಲೇ ಟಪ್ ಎನ್ನುತ್ತದೆ. ಬಕೆಟ್ಟಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಬೆರೆಸಿದರೆ ಗುಳ್ಳೆ ಹಾಗೆ ಸಿಕ್ಕಿಕೊಳ್ಳುವುದಿಲ್ಲ, ಸದ್ದೂ ನಿಲ್ಲುತ್ತದೆ. ಇದನ್ನು ಮನೆಯಲ್ಲೇ ಮಾಡಿ ನೋಡಿ. ಹಾಗೆಯೇ ಒಂದು ಲೋಟ ನೀರಿಗೆ ಮೊದಲು ತೆಳ್ಳಗಿನ ಸ್ಟ್ರಾ, ಆಮೇಲೆ ಪಪ್ಪಾಯಿ ಎಲೆಯ ದಂಟು ಇಟ್ಟು ಊದಿ. ಎರಡು ಸದ್ದಿಗೂ ಇರುವ ವ್ಯತ್ಯಾಸ ಗಮನಿಸಿ.

ಕಾರಿನೊಳಗೆ ಗುಳುಗುಳು

ಈಗ ಜೆ.ಸಿ. ರಸ್ತೆಯ ಮೆಕ್ಯಾನಿಕ್ ನೆನಪಾಗಲಿ. ರಾಮನ್ ಅವರ ಪ್ರಬಂಧದಲ್ಲಿ ಕಾರಿನ ರೇಡಿಯೇಟರ್ ಇಲ್ಲ. ಆದರೆ ಮೆಕ್ಯಾನಿಕ್ ಹುಡುಕುತ್ತಿರುವುದೂ ಗುಳ್ಳೆಯನ್ನೇ.

ಕಾರು, ಬಸ್ಸು, ನಿಮ್ಮೂರಿನ ಟ್ರ್ಯಾಕ್ಟರ್, ಇವುಗಳ ಎಂಜಿನ್ನಿನಲ್ಲಿ ಇಂಧನ ಉರಿದು ಬಹಳ ಶಾಖ ಹುಟ್ಟುತ್ತದೆ. ಅದನ್ನು ಹೊತ್ತೊಯ್ಯಲು ಎಂಜಿನ್ನಿನ ಸುತ್ತ ಕೂಲೆಂಟ್ ಎಂಬ ದ್ರವ ಹರಿಯುತ್ತದೆ. ಪಂಪು ಅದನ್ನು ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವ ಮತ್ತೆ ಎಂಜಿನ್ನಿಗೆ ಬರುತ್ತದೆ. ಕಾರುಗಳಲ್ಲಿ ಇದರದೇ ಒಂದು ಕವಲು ಚಾಲಕನ ಮುಂದಿನ ಡ್ಯಾಶ್‌ಬೋರ್ಡಿನ ಹಿಂದೆ, ಹೀಟರಿಗೆ ಹೋಗುತ್ತದೆ. ಇಡೀ ಹಾದಿ ದ್ರವದಿಂದ ತುಂಬಿದ್ದರೆ ಸದ್ದಿಲ್ಲ. ತುಂಬಿದ ಬಾಟಲಿಯನ್ನು ಅಲ್ಲಾಡಿಸಿದರೆ ಕುಲುಕುವುದಿಲ್ಲ ಅಲ್ಲವೇ? ಒಳಗೆ ಗಾಳಿ ಸೇರಿದರೆ ಮಾತ್ರ ಮಾತು ಶುರು.

ಆದರೆ ಒಂದೇ ಗುಳುಗುಳು ಶಬ್ದಕ್ಕೆ ಕಾರಣಗಳು ಹಲವು. ಆದ್ದರಿಂದ ಜಾಣ ಮೆಕ್ಯಾನಿಕ್, ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ವಿಚಾರಿಸುತ್ತಾನೆ. ಚಾಲು ಮಾಡಿದ ಹೊಸದರಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಹಳ್ಳ ಹರಿದಂತೆ ಕೇಳಿದರೆ ಹೀಟರಿನ ಕೊಳವೆಗೆ ಗಾಳಿ ಹೊಕ್ಕಿರಬಹುದು. ಕೂಲೆಂಟ್ ಕಡಿಮೆಯಾಗಿದೆಯೇ ಎಂದು ಟ್ಯಾಂಕಿನ ಗೆರೆ ನೋಡಬೇಕು. ಕಡಿಮೆಯಾಗಿದ್ದರೆ ಎಲ್ಲಿಂದಲೋ ಸೋರಿದೆ. ಬರೀ ತುಂಬಿಸಿದರೆ ಸಾಲದು, ಸೋರಿದ ಜಾಗ ಹುಡುಕಬೇಕು, ಸಿಕ್ಕಿಕೊಂಡ ಗಾಳಿಯನ್ನೂ ಹೊರಗೆ ಬಿಡಬೇಕು. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ಕೂಲೆಂಟ್ ಇಳಿಯುತ್ತಲೇ ಇದೆ, ಎಂಜಿನ್ ನಡೆಯುವಾಗ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದೆ ಎಂದಾದರೆ ಅದು ಗಂಭೀರ ಸೂಚನೆ. ಎಂಜಿನ್ನಿನ ಎರಡು ಭಾಗಗಳ ನಡುವಿನ ಹೆಡ್ ಗ್ಯಾಸ್ಕೆಟ್ ಹಾಳಾಗಿ, ಉರಿದ ಅನಿಲವೇ ಕೂಲೆಂಟಿಗೆ ನುಗ್ಗುತ್ತಿರಬಹುದು. ಹಾಗೇ ಓಡಿಸಿದರೆ ಎಂಜಿನ್ ಕಾದು ಕೆಡುತ್ತದೆ.

ದೂರ ಓಡಿ ಬಂದು ಎಂಜಿನ್ ನಿಲ್ಲಿಸಿದ ಮೇಲೆ ಕೊತಕೊತ ಸದ್ದು ಬಂದರೆ ಕೂಲೆಂಟ್ ಕುದಿಯುತ್ತಿರಬಹುದು. ಇಲ್ಲಿ ರೇಡಿಯೇಟರಿನ ಮುಚ್ಚಳದ ಪಾತ್ರ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವೋ ಕುಕ್ಕರಿನ ತೂಕದಂತೆ ಒಳಗೆ ಒತ್ತಡ ಹಿಡಿದಿಟ್ಟು, ಕುದಿಯುವ ಬಿಂದುವನ್ನು ಸುಮಾರು 20 ಡಿಗ್ರಿ ಮೇಲಕ್ಕೇರಿಸುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಒತ್ತಡ ನಿಲ್ಲದು, ದ್ರವ ಬೇಗ ಕುದಿಯುತ್ತದೆ. ಇನ್ನೊಂದು ಮಾತು. ಬಿಸಿಯಿರುವ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆಗೆಯಬಾರದು. ಒತ್ತಡ ಒಮ್ಮೆಗೇ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮನೆಯ ದೊಡ್ಡವರಿಗೂ ಇದನ್ನು ಹೇಳಿ.

ಏರ್ ಕಂಡೀಷನರ್ ಇರುವ ಕಾರಿನಲ್ಲಿ ಇನ್ನಷ್ಟು ಸದ್ದುಗಳು. ಅದರೊಳಗಿನ ಅನಿಲವನ್ನು ಕಂಪ್ರೆಸರ್ ಒತ್ತುತ್ತದೆ, ಶಾಖ ಬಿಟ್ಟು ಅದು ದ್ರವವಾಗುತ್ತದೆ. ಆ ದ್ರವ ಕಿರಿದಾದ ಕಂಡಿಯಲ್ಲಿ ನುಸುಳಿ ಮತ್ತೆ ಅನಿಲವಾಗುವಾಗ ತಂಪು ಉಂಟಾಗುತ್ತದೆ. ಕಾರು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಸುಯ್ ಎಂದರೆ ಹೆದರಬೇಕಿಲ್ಲ. ಎರಡು ಬದಿಯ ಒತ್ತಡಗಳು ಸಮವಾಗುತ್ತಿವೆ, ಅಷ್ಟೆ. ಗುಳುಗುಳು ಎನ್ನುತ್ತ ತಂಪೂ ಕಡಿಮೆಯಾದರೆ ಗ್ಯಾಸ್ ಸೋರಿ, ದ್ರವದ ಜೊತೆ ಗುಳ್ಳೆಗಳೂ ಆ ಕಂಡಿಯಲ್ಲಿ ನುಗ್ಗುತ್ತಿರಬಹುದು. ಕಾರು ತಿರುಗಿದಾಗ ಬಿಂದಿಗೆ ನೀರು ತುಳುಕಿದಂತೆ ಕೇಳಿದರೆ? ಗಾಳಿಯ ತೇವಾಂಶ ತಂಪಿಗೆ ನೀರಾಗಿ, ಹೊರಹೋಗುವ ಪೈಪು ಕಸ ಕಟ್ಟಿ, ಅಲ್ಲೇ ನಿಂತಿದೆ. ಪೈಪು ಚೊಕ್ಕಟ ಮಾಡಿದರೆ ಮುಗಿಯಿತು. ಮೂರು ಸದ್ದು, ಮೂರು ಕಾರಣ. ಒಂದಕ್ಕೆ ಖರ್ಚೇ ಇಲ್ಲ, ಇನ್ನೊಂದಕ್ಕೆ ದೊಡ್ಡ ಖರ್ಚು.

ಕಡಲಿನಿಂದ ಬೆಂಗಳೂರಿಗೆ

ರಾಮನ್ ಅವರ ಕಥೆಗೆ ಮರಳೋಣ. 1921ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟದ ಕೆಳಗೆ ಗೋಡೆಯ ಬಳಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ. ಉಳಿದವರು ಕೇಳಿ ಬೆರಗಾಗಿ ಹೋಗುತ್ತಾರೆ. ರಾಮನ್ ಅಲ್ಲಿಯೂ ಪ್ರಯೋಗ ಮಾಡಿದರು. ಆಮೇಲೆ ಭಾರತದ ಅಂಥ ಕಟ್ಟಡಗಳನ್ನೂ ಪರೀಕ್ಷಿಸಿದರು. ನಮ್ಮ ವಿಜಯಪುರದ ಗೋಲಗುಮ್ಮಟವೂ ಅವುಗಳಲ್ಲೊಂದು. ಶಾಲಾ ಪ್ರವಾಸಕ್ಕೆ ಅಲ್ಲಿಗೆ ಹೋದರೆ ಕಿರುಚುವ ಬದಲು ಗೋಡೆಗೆ ಕಿವಿಯಿಟ್ಟು ಪಿಸುಮಾತನ್ನು ಕೇಳಿ ನೋಡಿ.

ಆ ಪ್ರಯಾಣದಿಂದ ಮರಳುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಹಿಡಿದು ನಿಲ್ಲಿಸಿದ ಕಥೆ ನಿಮಗೆ ಗೊತ್ತು. ಕೊನೆಗೆ 1928ರ ಫೆಬ್ರವರಿ 28ರಂದು ಕೆ.ಎಸ್. ಕೃಷ್ಣನ್ ಅವರ ಜೊತೆಗಿನ ದುಡಿಮೆ ಫಲಿಸಿ ‘ರಾಮನ್ ಪರಿಣಾಮ’ ಕಂಡಿತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸದ್ದು ಬಿಟ್ಟು ಬೆಳಕಿಗೆ ಹೊರಳಿದರು ಎಂದು ಬರೆಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ರಾಮನ್ ಪರಿಣಾಮ ಎಂದರೇನು? ಬೆಳಕು ದ್ರವದ ಅಣುಗಳಿಗೆ ತಾಗಿ ಚದುರಿದಾಗ ಅದರಲ್ಲಿ ಅತ್ಯಲ್ಪ ಭಾಗದ ಬಣ್ಣ, ಅಂದರೆ ಆವೃತ್ತಿ, ಬದಲಾಗಿರುತ್ತದೆ. ಎಷ್ಟು ಬದಲಾಗಿದೆ ಎಂಬುದು ಆ ಅಣು ಎಷ್ಟು ಆವೃತ್ತಿಯಲ್ಲಿ ಕಂಪಿಸುತ್ತದೆ ಎಂಬುದನ್ನು ಹೇಳುತ್ತದೆ. ಪ್ರತಿಯೊಂದು ಬಗೆಯ ಅಣುವಿಗೂ ತನ್ನದೇ ಕಂಪನಗಳಿವೆ. ಒಂದೊಂದು ಮೃದಂಗಕ್ಕೂ ತನ್ನದೇ ನಾದ ಇದ್ದಂತೆ! ಹದಿನೈದು ವರ್ಷ ತಂತಿ, ಪೊರೆಗಳ ಕಂಪನ ಕೇಳಿದ್ದವರು ಈಗ ಬೆಳಕಿನಿಂದ ಅಣುವನ್ನು ತಟ್ಟಿ ನೋಡಿದರು. ಇಂದು ಇದೇ ವಿಧಾನದಿಂದ ಔಷಧಿ, ರತ್ನಗಳನ್ನು ಒಡೆಯದೆ, ಕೆಡಿಸದೆ ಪರೀಕ್ಷಿಸುತ್ತಾರೆ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಮೊದಲ ಭಾರತೀಯ ನಿರ್ದೇಶಕರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಬಂದ ಅವರ ಪ್ರಬಂಧಗಳಲ್ಲಿ ಒಂದು ಭಾರತದ ಚರ್ಮವಾದ್ಯಗಳ ಬಗ್ಗೆ! 1920ರಲ್ಲೇ ಶಿವಕಾಳಿ ಕುಮಾರ್ ಜೊತೆ ಆರಂಭಿಸಿದ್ದ ಕೆಲಸ ಅದು.

ಬಳೇಪೇಟೆಯ ಅಂಗಡಿಯಲ್ಲಿ ತಟ್ಟಿ ನೋಡಿದ ಮೃದಂಗದ ಗುಟ್ಟು ಇಲ್ಲಿದೆ. ತಂತಿಯೊಂದು ಸೆಕೆಂಡಿಗೆ 100 ಸಲ ಕಂಪಿಸಿದರೆ ಜೊತೆಯಲ್ಲೇ 200, 300, 400 ಎಂದು ಸರಿಯಾದ ಮಡಿಗಳ ಕಂಪನಗಳೂ ಇರುತ್ತವೆ. ಅದಕ್ಕೇ ಕಿವಿಗೆ ಇಂಪು. ಬಿಗಿದ ಸಾದಾ ಚರ್ಮದಲ್ಲಿ ಹಾಗಲ್ಲ. 100ರ ಮೇಲೆ ಸುಮಾರು 159, 214, 230, ಹೀಗೆ ಅಡ್ಡಾದಿಡ್ಡಿ. ಆದ್ದರಿಂದ ಅದು ಢಬಢಬ ಎನ್ನುತ್ತದೆ. ಹಾಗಾದರೆ ಮೃದಂಗ ಶ್ರುತಿಗೆ ಹೇಗೆ ಸೇರುತ್ತದೆ? ಅದರ ಬಲಮುಖದ ನಡುವೆ ಕಪ್ಪು ಕರಣೆ ಇದೆಯಲ್ಲ, ಅದೇ ಉತ್ತರ. ಕಿಟ್ಟದ ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಪದರದ ಮೇಲೆ ಪದರವಾಗಿ ಹಚ್ಚಿ ಉಜ್ಜುತ್ತಾರೆ. ನಡುವೆ ಭಾರ ಹೆಚ್ಚಿ, ಅಂಚಿನ ಕಡೆ ಕಡಿಮೆಯಾಗುತ್ತದೆ. ರಾಮನ್ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಬಾರಿಸಿ ನೋಡಿದರು. ಅಲುಗದ ಜಾಗಗಳಲ್ಲಿ ಮರಳು ಗೆರೆಗಟ್ಟಿ ನಿಂತು ಕಂಪನದ ನಕ್ಷೆ ಬರೆಯಿತು. ಚರ್ಮದ ಒಂಬತ್ತು ಬಗೆಯ ಕಂಪನಗಳು ಕರಣೆಯ ದೆಸೆಯಿಂದ ಐದೇ ಸ್ವರಗಳಿಗೆ ಹೊಂದಿಕೊಳ್ಳುತ್ತವೆ, ಆ ಐದೂ ತಂತಿಯಂತೆ ಸರಿಯಾದ ಮಡಿಗಳಲ್ಲಿವೆ ಎಂದು ಅವರು ತೋರಿಸಿದರು. ಲೆಕ್ಕ ಬರೆಯದೆ, ಬರೀ ಕಿವಿಯನ್ನು ನಂಬಿ ಇದನ್ನು ಸಾಧಿಸಿದ ಹಿಂದಿನ ಕಾಲದ ವಾದ್ಯ ತಯಾರಕರ ತಿಳಿವಳಿಕೆಯನ್ನು ರಾಮನ್ ಮನಸಾರೆ ಮೆಚ್ಚಿದ್ದರು.

ದ್ರವವನ್ನೂ ಅವರು ಬಿಡಲಿಲ್ಲ. ನಾಗೇಂದ್ರನಾಥ್ ಅವರೊಡನೆ 1935–36ರಲ್ಲಿ, ನಮ್ಮ ಕಿವಿಗೆ ಕೇಳದ ಶ್ರವಣಾತೀತ ಶಬ್ದ ದ್ರವದಲ್ಲಿ ಸಾಗುವಾಗ ಅಡ್ಡ ಬಂದ ಬೆಳಕು ಹೇಗೆ ಹಲವು ಕವಲಾಗುತ್ತದೆ ಎಂದು ವಿವರಿಸಿದರು. ಇದಕ್ಕೆ ‘ರಾಮನ್–ನಾಥ್ ಸಿದ್ಧಾಂತ’ ಎಂದೇ ಹೆಸರು.

ಸಂಸ್ಥೆಯೊಳಗೆ ಮಾತ್ರ ಎಲ್ಲವೂ ಸುಖವಾಗಿರಲಿಲ್ಲ. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳೆದ್ದು 1937ರಲ್ಲಿ ಅವರು ನಿರ್ದೇಶಕ ಸ್ಥಾನದಿಂದ ಇಳಿಯಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ದುಡಿದರು. ನಿವೃತ್ತಿಯ ನಂತರ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಮೊದಮೊದಲು ಅಲ್ಲಿ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸಿ ಪ್ರಯೋಗ ನಡೆಸಿದರು. ಮಲ್ಲೇಶ್ವರದಲ್ಲಿ ‘ಪಂಚವಟಿ’ ಎಂಬ ಮನೆ ಅವರದಾಗಿತ್ತು. 1954ರಲ್ಲಿ ಭಾರತರತ್ನ ಸಂದಿತು.

ಪ್ರತಿ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಅವರು ತಮ್ಮ ಸಂಸ್ಥೆಯಲ್ಲಿ ಒಂದು ಉಪನ್ಯಾಸ ಕೊಡುತ್ತಿದ್ದರು. 1970ರಲ್ಲಿ ಅವರಿಗೆ ಎಂಬತ್ತೊಂದು ದಾಟಿತ್ತು. ಆ ವರ್ಷದ ಉಪನ್ಯಾಸಕ್ಕೆ ಅವರು ಆರಿಸಿಕೊಂಡದ್ದು ಕಿವಿಯನ್ನು. ಶಬ್ದವನ್ನು ನಾವು ಹೇಗೆ ಕೇಳುತ್ತೇವೆ ಎಂಬುದೇ ವಿಷಯ. ಅದೇ ಅವರ ಕೊನೆಯ ಗಾಂಧಿ ಸ್ಮಾರಕ ಉಪನ್ಯಾಸವಾಯಿತು. ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಗೋರಿ ಕಟ್ಟಿಲ್ಲ, ಒಂದು ಮರ ನೆಟ್ಟಿದ್ದಾರೆ.